ನೀರಿನ ನಡುವಿನ ಸುಂಕದ ಕಟ್ಟೆಗಳು: ಬರ್ಮಿಂಗ್‌ಹ್ಯಾಮ್‌ನಿಂದ ಟಿಪ್ಟನ್‌ವರೆಗೆ ಕಾಲುವೆ ದಂಡೆಯ ನಡಿಗೆ

ಕಾಲುವೆಯ ದೋಣಿಗಳಿಂದ ಸುಂಕ ವಸೂಲಿ ಮಾಡಲು ಹಿಂದೆ ನೀರಿನ ನಡುವೆ ಕಟ್ಟಿದ್ದ ದ್ವೀಪದಂಥ ಕಟ್ಟೆಗಳನ್ನು ನೋಡಲು ಹೊರಟ ನಾವು, ಮೊದಲ ದಿನ ಇಪ್ಪತ್ತು ನಿಮಿಷ ನಿಂತು ನೋಡಿದ್ದು ಬೇರೆಯೇ ದ್ವೀಪವನ್ನು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರ ನಡುವೆ ಓಲ್ಡ್ ಟರ್ನ್ ಜಂಕ್ಷನ್ ಎಂಬಲ್ಲಿ ಕಾಲುವೆಗಳು ಕೂಡುತ್ತವೆ. ಅಲ್ಲಿ ನೀರಿನ ಮಧ್ಯೆ ದುಂಡಗೆ ಒಂದು ಕಟ್ಟೆ ಇದೆ, ದೋಣಿಗಳು ಅದನ್ನು ಸುತ್ತುಹಾಕಿ ಹೋಗುತ್ತವೆ. ಸುಂಕದ ದ್ವೀಪ ನೋಡಲೆಂದೇ ಬಂದಿದ್ದ ಅಪ್ಪ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಪಕ್ಕದಲ್ಲಿ ದೋಣಿ ಕಟ್ಟುತ್ತಿದ್ದ ಒಬ್ಬ ಹಿರಿಯರು ನಮ್ಮ ಮಾತಿನ ರೀತಿಯಿಂದಲೇ ಊಹಿಸಿ, ಇದು ಸುಂಕದ್ದಲ್ಲ, ಎರಡನೇ ಮಹಾಯುದ್ಧದ ಕಾಲದ್ದು ಎಂದು ತಿಳಿಸಿದರು. ಕಾಲುವೆಯ ಅಡಿಯಲ್ಲಿ ರೈಲಿನ ಸುರಂಗ ಇದೆಯಂತೆ. ಬಾಂಬು ಬಿದ್ದು ಕಾಲುವೆಯ ತಳ ಒಡೆದರೆ ನೀರೆಲ್ಲ ಸುರಂಗಕ್ಕೆ ನುಗ್ಗುತ್ತದೆ; ಹಾಗಾಗದಂತೆ ತಡೆಗೇಟುಗಳನ್ನು ಕೂರಿಸಲು ಅನುಕೂಲವಾಗಲಿ ಎಂದು ಆ ಕಟ್ಟೆ ಕಟ್ಟಿದ್ದು. ನೀವು ಹೋದಾಗ ಅಲ್ಲಿ ಎರಡು ನಿಮಿಷ ನಿಂತರೆ ಸಾಕು. ನಿಜವಾದವು ಇನ್ನೂ ಮುಂದೆ ಇವೆ, ಕಾಲುವೆಯ ದಂಡೆ ಹಿಡಿದು ನಡೆಯಬೇಕು.

ಅಪ್ಪ ನಮ್ಮ ಮನೆಗೆ ಎರಡು ತಿಂಗಳಿಗೆಂದು ಬಂದಿದ್ದರು. ಊರಲ್ಲಿ ಮೂವತ್ತು ವರ್ಷ ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಕೆಲಸ ಮಾಡಿದವರು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಚೆಕ್‌ಪೋಸ್ಟ್‌ಗಳೇ ಇಲ್ಲವಾದವು. ಅರಮನೆ, ಮೇಣದ ಗೊಂಬೆಗಳ ಮನೆ ಎಲ್ಲ ತೋರಿಸಿಯಾಗಿತ್ತು, ಯಾವುದರಲ್ಲೂ ಅವರಿಗೆ ಹೆಚ್ಚು ಆಸೆ ಇರಲಿಲ್ಲ. ಇನ್ನೂರು ವರ್ಷದ ಹಿಂದೆ ಇಲ್ಲಿ ನೀರಿನ ಮಧ್ಯೆ ಸುಂಕದ ಕಟ್ಟೆ ಕಟ್ಟಿದ್ದರು, ಅದರ ಗುರುತು ಇನ್ನೂ ಇದೆ ಎಂದಾಗ ಎದ್ದು ಕೂತರು. 'ಬಾ ಹೋಗೋಣ, ಎಷ್ಟು ದೂರ?' ಎಂದರು.

ದೂರ ಸುಮಾರು 14 ಕಿಲೋಮೀಟರ್. ಬರ್ಮಿಂಗ್‌ಹ್ಯಾಮ್‌ನ ಗ್ಯಾಸ್ ಸ್ಟ್ರೀಟ್ ಬೇಸಿನ್ ಎಂಬ ದೋಣಿ ನಿಲ್ಲುವ ಕೊಳದಿಂದ ಟಿಪ್ಟನ್‌ವರೆಗೆ. ಗಟ್ಟಿಮುಟ್ಟಾದವರು ಒಂದೇ ದಿನದಲ್ಲಿ ಮುಗಿಸಬಹುದು. ಎಪ್ಪತ್ತರ ಹತ್ತಿರದ ಅಪ್ಪನ ಜೊತೆ ನಾನು ಎರಡು ದಿನ ಮಾಡಿಕೊಂಡೆ, ಅದೇ ಸರಿಯಾಯಿತು. ಈ ಕಾಲುವೆಯ ದೊಡ್ಡ ಅನುಕೂಲವೆಂದರೆ ಬರ್ಮಿಂಗ್‌ಹ್ಯಾಮ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಹೋಗುವ ರೈಲು ಹಳಿ ಬಹುಪಾಲು ಇದರ ಮಗ್ಗುಲಲ್ಲೇ ಓಡುತ್ತದೆ. ಸ್ಮೆದಿಕ್ ರೋಲ್ಫ್ ಸ್ಟ್ರೀಟ್, ಸ್ಮೆದಿಕ್ ಗಾಲ್ಟನ್ ಬ್ರಿಡ್ಜ್, ಸ್ಯಾಂಡ್‌ವೆಲ್ ಅಂಡ್ ಡಡ್ಲಿ, ಡಡ್ಲಿ ಪೋರ್ಟ್, ಟಿಪ್ಟನ್ – ಕಾಲು ಸೋತ ಕಡೆ ಯಾವುದಾದರೂ ಒಂದು ಸ್ಟೇಷನ್ ಸಿಗುತ್ತದೆ. ಸ್ಮೆದಿಕ್ ಎಂಬ ಹೆಸರನ್ನು ಇಂಗ್ಲಿಷ್ ಫಲಕದಲ್ಲಿ ಓದಿದರೆ ನಡುವೆ ಒಂದು 'ವ' ಕಾಣುತ್ತದೆ, ಅದನ್ನು ಯಾರೂ ಉಚ್ಚರಿಸುವುದಿಲ್ಲ. ದಾರಿ ಕೇಳುವಾಗ 'ಸ್ಮೆದಿಕ್' ಎಂದೇ ಕೇಳಿ.

ಹೊರಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಈ ದ್ವೀಪಗಳ ಮೇಲೆ ಇವತ್ತು ಮನೆ ಇಲ್ಲ. ಇಟ್ಟಿಗೆಯ ಅಂಚು, ಮೇಲೆ ಹುಲ್ಲು, ಕೆಲವು ಕಡೆ ಕುರುಚಲು ಗಿಡ, ಅಷ್ಟೇ. ಏನು ನಡೆಯುತ್ತಿತ್ತು ಎಂಬುದು ಗೊತ್ತಿಲ್ಲದೆ ಹೋದರೆ ಐದು ಸೆಕೆಂಡಿನಲ್ಲಿ ದಾಟಿಬಿಡುತ್ತೀರಿ. ಸೈಕಲ್‌ನವರು ದಾಟಿಹೋಗುವುದನ್ನು ನಾನೇ ನೋಡಿದೆ. ಹಾಗಾಗಿ ದಾರಿ ಹೇಳುವ ಮುಂಚೆ ಆ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಬರ್ಮಿಂಗ್‌ಹ್ಯಾಮ್ ಕಾಲುವೆಗೆ ಪಾರ್ಲಿಮೆಂಟಿನ ಅನುಮತಿ ಸಿಕ್ಕಿದ್ದು 1768ರಲ್ಲಿ. ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಮರುವರ್ಷವೇ ವೆನ್ಸ್‌ಬರಿ ಕಡೆಯ ಗಣಿಗಳ ಕಲ್ಲಿದ್ದಲು ದೋಣಿಯಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬರತೊಡಗಿತು. 1772ಕ್ಕೆ ಕಾಲುವೆ ಪೂರ್ತಿಯಾಯಿತು. ಇದು ಸರ್ಕಾರದ ಕಾಲುವೆಯಲ್ಲ, ಕಂಪನಿಯ ಕಾಲುವೆ. ಹಣ ಹಾಕಿದವರಿಗೆ ಲಾಭ ಬರಬೇಕಾದರೆ ಹೋಗುವ ಬರುವ ಪ್ರತಿ ದೋಣಿಯೂ ಸುಂಕ ಕಟ್ಟಬೇಕು. ಸುಂಕದ ಲೆಕ್ಕ ಇಷ್ಟು ಟನ್ನು, ಇಷ್ಟು ಮೈಲಿ ಎಂದು. ಮೈಲಿ ಗೊತ್ತು. ಟನ್ನನ್ನು ತಿಳಿಯುವುದು ಹೇಗೆ? ರಸ್ತೆಯ ಲಾರಿಯಾದರೆ ತೂಕದ ಕಟ್ಟೆಯ ಮೇಲೆ ನಿಲ್ಲಿಸಬಹುದು. ಎಪ್ಪತ್ತು ಅಡಿ ಉದ್ದದ, ನೀರಿನಲ್ಲಿ ತೇಲುವ ದೋಣಿಯನ್ನು ಎಲ್ಲಿ ನಿಲ್ಲಿಸುವುದು?

ಅವರು ನೀರನ್ನೇ ತಕ್ಕಡಿ ಮಾಡಿಕೊಂಡರು. ಹೊಸ ದೋಣಿ ಕಟ್ಟಿದಾಗ ಮೊದಲು ಅದನ್ನು ಅಳತೆಯ ಡಾಕ್‌ಗೆ ತರುತ್ತಿದ್ದರು. ಖಾಲಿ ದೋಣಿಯ ಅಂಚು ನೀರಿನಿಂದ ಎಷ್ಟು ಇಂಚು ಮೇಲಿದೆ ಎಂದು ಬರೆದುಕೊಳ್ಳುತ್ತಿದ್ದರು. ಆಮೇಲೆ ತೂಕ ಗೊತ್ತಿರುವ ಕಬ್ಬಿಣದ ಗುಂಡುಗಳನ್ನು ಟನ್ ಟನ್ನಾಗಿ ಒಳಗಿಳಿಸಿ, ಪ್ರತಿ ಸಲವೂ ದೋಣಿ ಎಷ್ಟು ಮುಳುಗಿತು ಎಂದು ಪಟ್ಟಿ ಮಾಡುತ್ತಿದ್ದರು. ದೋಣಿಗೊಂದು ನಂಬರು, ಅದರ ಫಲಕ ದೋಣಿಗೆ ಬಡಿದದ್ದು, ಪಟ್ಟಿಯ ಒಂದೊಂದು ನಕಲು ಸುಂಕದ ಕಟ್ಟೆಗಳ ಪುಸ್ತಕಕ್ಕೆ. ಇನ್ನು ಅದು ಯಾವ ಕಟ್ಟೆಗೆ ಬಂದರೂ ಗುಮಾಸ್ತ ಒಂದು ಅಳತೆಕೋಲು ತಂದು, ಮುಂದೆ ಎರಡು ಕಡೆ, ಹಿಂದೆ ಎರಡು ಕಡೆ, ಒಟ್ಟು ನಾಲ್ಕು ಜಾಗದಲ್ಲಿ ಅಂಚಿನಿಂದ ನೀರಿನವರೆಗೆ ಅಳೆಯುತ್ತಿದ್ದ. ನೀರಿನ ಮೇಲೆ ಉಳಿದ ಈ ಅಳತೆಗೆ ಅವರು ಕೊಟ್ಟ ಹೆಸರು 'ಒಣ ಇಂಚು'. ನಾಲ್ಕರ ಸರಾಸರಿ ತೆಗೆದು ಪುಸ್ತಕದಲ್ಲಿ ಆ ದೋಣಿಯ ಪುಟ ತೆರೆದರೆ ಟನ್ನು ಸಿಕ್ಕಿತು. ಸರಕನ್ನು ಒಂದೇ ಪಕ್ಕಕ್ಕೆ ಪೇರಿಸಿ ದೋಣಿ ವಾಲಿಸಿದರೂ ಲೆಕ್ಕ ತಪ್ಪದಿರಲಿ ಎಂದೇ ನಾಲ್ಕು ಕಡೆ ಅಳೆಯುವುದು.

ಅಪ್ಪ ಇದನ್ನು ಕೇಳಿ ರೈಲಿನಲ್ಲೇ ಲೆಕ್ಕ ಹಾಕಿದರು. ದೋಣಿ 70 ಅಡಿ ಉದ್ದ, 7 ಅಡಿ ಅಗಲ ಎಂದರೆ ಒಂದು ಇಂಚು ಮುಳುಗಲು ಹೆಚ್ಚುಕಡಿಮೆ ಒಂದು ಟನ್ ಬೇಕು. ಇಪ್ಪತ್ತೈದು ಟನ್ ಕಲ್ಲಿದ್ದಲು ತುಂಬಿದರೆ ಎರಡು ಅಡಿ ಕೆಳಗೆ. 'ಅರ್ಧ ಇಂಚು ತಪ್ಪಿದರೆ ಅರ್ಧ ಟನ್ನಿನ ಸುಂಕ ಹೋಯಿತು. ಅಲೆ ಇದ್ದರೆ ಅಳೆಯೋಕೆ ಆಗಲ್ಲ' ಎಂದರು. ನೀರಿನ ಮಧ್ಯೆ ದ್ವೀಪ ಕಟ್ಟಿದ್ದಕ್ಕೆ ಕಾರಣ ಆ ಮಾತಿನಲ್ಲೇ ಇದೆ. ಅಗಲವಾದ ಕಾಲುವೆಯ ನಡುವೆ ಉದ್ದನೆಯ ಕಿರಿದಾದ ಕಟ್ಟೆ ಕಟ್ಟಿದರೆ ನೀರು ಎರಡು ಸಣ್ಣ ಓಣಿಗಳಾಗಿ ಒಡೆಯುತ್ತದೆ. ಪ್ರತಿ ಓಣಿಯಲ್ಲೂ ಒಂದು ದೋಣಿ ಮಾತ್ರ ಹಿಡಿಯುತ್ತದೆ. ವೇಗ ತಾನಾಗಿ ತಗ್ಗುತ್ತದೆ, ತಪ್ಪಿಸಿಕೊಂಡು ಹೋಗಲು ದಾರಿ ಇಲ್ಲ, ಗುಮಾಸ್ತ ಬಗ್ಗಿದರೆ ದೋಣಿಯ ಅಂಚು ಕೈಗೆ ಸಿಗುತ್ತದೆ. ಹೋಗುವ ದೋಣಿ ಒಂದು ಕಡೆ, ಬರುವ ದೋಣಿ ಇನ್ನೊಂದು ಕಡೆ. ನಡುವಿನ ಮನೆಗೆ ಎಂಟು ಮುಖ, ಯಾವ ದಿಕ್ಕಿನಿಂದ ದೋಣಿ ಬಂದರೂ ಕಿಟಕಿಯಿಂದ ಕಾಣಲಿ ಎಂದು.

ನಮ್ಮಲ್ಲಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಇದೆ. ಇಲ್ಲಿ ಹೇಳಿಕೊಳ್ಳುವ ಅವಕಾಶವೇ ಇರಲಿಲ್ಲ. ದೋಣಿ ಎಷ್ಟು ಮುಳುಗಿದೆಯೋ ಅಷ್ಟು ಸುಂಕ. ಅಪ್ಪನಿಗೆ ಇದು ಬಹಳ ಹಿಡಿಸಿತು. ಚೆಕ್‌ಪೋಸ್ಟಿನಲ್ಲಿ ಅವರ ಅರ್ಧ ಆಯುಷ್ಯ ಡ್ರೈವರ್ ಹೇಳುವುದಕ್ಕೂ ಬಿಲ್ಲಿನಲ್ಲಿರುವುದಕ್ಕೂ ಲಾರಿಯಲ್ಲಿರುವುದಕ್ಕೂ ತಾಳೆ ಹಾಕುವುದರಲ್ಲೇ ಹೋಗಿತ್ತು.

ಇನ್ನು ದಾರಿ. ನ್ಯೂ ಸ್ಟ್ರೀಟ್ ಸ್ಟೇಷನ್‌ನಿಂದ ಗ್ಯಾಸ್ ಸ್ಟ್ರೀಟ್ ಬೇಸಿನ್‌ಗೆ ನಡೆದರೆ ಹತ್ತು ಹದಿನೈದು ನಿಮಿಷ. ಸುಂಕದ ಕಥೆ ಇಲ್ಲಿಂದಲೇ ಶುರು. ಬೇಸಿನ್‌ನ ನಡುವೆ ವೂಸ್ಟರ್ ಬಾರ್ ಎಂಬ ಏಳು ಅಡಿ ಚಿಲ್ಲರೆ ಅಗಲದ ಒಂದು ಅಡ್ಡಗೋಡೆ ಇದೆ. ಒಂದು ಕಡೆ ಬರ್ಮಿಂಗ್‌ಹ್ಯಾಮ್ ಕಂಪನಿಯ ನೀರು, ಇನ್ನೊಂದು ಕಡೆ ವೂಸ್ಟರ್ ಕಂಪನಿಯ ನೀರು. ತಮ್ಮ ನೀರು, ತಮ್ಮ ವ್ಯಾಪಾರ ಎರಡೂ ಪಕ್ಕದ ಕಂಪನಿಗೆ ಹರಿದುಹೋಗುತ್ತದೆಂಬ ಭಯದಿಂದ ಬರ್ಮಿಂಗ್‌ಹ್ಯಾಮ್‌ನವರು ಎರಡನ್ನೂ ಸೇರಿಸಲು ಒಪ್ಪಲೇ ಇಲ್ಲ. ಒಂದು ದೋಣಿಯ ಸರಕನ್ನು ಗೋಡೆಯ ಈಚೆ ಇಳಿಸಿ, ಹೊತ್ತು, ಆಚೆಯ ದೋಣಿಗೆ ತುಂಬಬೇಕಿತ್ತು. ಕೂಲಿಯವರ ಬೆನ್ನಿನ ಮೇಲೆ ವರ್ಷಗಟ್ಟಲೆ ಹೀಗೆ ನಡೆದು, ಕೊನೆಗೆ 1815ರಲ್ಲಿ ಗೋಡೆ ಕಡಿದು ಲಾಕ್ (ದೋಣಿಯನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟುಗಳ ಕೋಣೆ) ಕೂರಿಸಿದರು. ಬಾರ್‌ನ ಪಕ್ಕಕ್ಕೆ ಈಗ ಬಣ್ಣಬಣ್ಣದ ದೋಣಿಗಳನ್ನು ಕಟ್ಟಿರುತ್ತಾರೆ, ಅದರ ಮೇಲೆ ಜನ ಕಾಫಿ ಕುಡಿಯುತ್ತಾ ಓಡಾಡುತ್ತಾರೆ. ಆ ಕಿರಿದಾದ ಕಂಡಿಯ ಹತ್ತಿರ ಹೋಗಿ ನಿಲ್ಲಿ. ಎರಡು ಕಂಪನಿಗಳ ಹಠದ ಅಗಲ ಅಷ್ಟೇ ಎಂದು ಕಣ್ಣಾರೆ ಕಾಣುತ್ತದೆ.

ಇಲ್ಲಿ ಶೌಚಾಲಯ ಮುಗಿಸಿಕೊಂಡು, ನೀರಿನ ಬಾಟಲಿ ತುಂಬಿಕೊಂಡು ಹೊರಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ: ಊರು ಬಿಟ್ಟ ಮೇಲೆ ದಂಡೆಯ ಮೇಲೆ ಸಾರ್ವಜನಿಕ ಶೌಚಾಲಯ ಇಲ್ಲವೆಂದೇ ತಿಳಿಯಿರಿ. ದೋಣಿಯವರಿಗಾಗಿ ಇರುವ ಕೋಣೆಗಳಿಗೆ ಅವರದೇ ಬೀಗದ ಕೈ ಬೇಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಮುಂಚೆಯೇ ಯೋಚಿಸಬೇಕು.

ಓಲ್ಡ್ ಟರ್ನ್ ದಾಟಿದ ಮೇಲೆ ಕಾಲುವೆ ಬಾಣದ ಹಾಗೆ ನೇರ. ಇದು ಥಾಮಸ್ ಟೆಲ್ಫರ್ಡ್ 1820ರ ದಶಕದಲ್ಲಿ ಹಾಕಿಕೊಟ್ಟ ಹೊಸ ಮುಖ್ಯಮಾರ್ಗ. ಬ್ರಿಂಡ್ಲಿಯ ಹಳೆಯ ಕಾಲುವೆ ಗುಡ್ಡದ ಸೆರಗು ಹಿಡಿದು ಹಾವಿನಂತೆ ಸುತ್ತುತ್ತಿತ್ತು. ಟೆಲ್ಫರ್ಡ್ ಸುತ್ತುಗಳನ್ನೆಲ್ಲ ಕಡಿದು ಮಧ್ಯೆ ನೇರ ಗೆರೆ ಎಳೆದ. ಕಡಿದ ಸುತ್ತುಗಳು ಈಗಲೂ ಎಡಬಲಕ್ಕೆ ಕಾಣುತ್ತವೆ. ಹೊಸ ಮಾರ್ಗ ಅಗಲವಾಗಿದೆ, ಬಹುಪಾಲು ಎರಡೂ ದಂಡೆಯಲ್ಲಿ ಕುದುರೆ ನಡೆಯುವ ದಾರಿ ಇದೆ. ಒಂದು ದಂಡೆಯ ಕುದುರೆ ಹೋಗುವ ದೋಣಿ ಎಳೆದರೆ ಇನ್ನೊಂದು ದಂಡೆಯದು ಬರುವ ದೋಣಿ ಎಳೆಯುತ್ತಿತ್ತು. ಈ ದಾರಿಗೆ ಇಲ್ಲಿನವರು ಟೋಪಾತ್ ಅನ್ನುತ್ತಾರೆ. ನಡೆಯಲು ಯಾವ ಶುಲ್ಕವೂ ಇಲ್ಲ, ಅನುಮತಿಯೂ ಬೇಡ. ಸೈಕಲ್‌ಗಳು ಹಿಂದಿನಿಂದ ಜೋರಾಗಿ ಬರುತ್ತವೆ, ಆದ್ದರಿಂದ ಇಬ್ಬರು ಅಕ್ಕಪಕ್ಕ ನಡೆಯುವಾಗ ನೀರಿನ ಕಡೆ ಚಿಕ್ಕವರು, ಒಳಗಡೆ ಹಿರಿಯರು ಇರಲಿ. ಸೇತುವೆಗಳ ಕೆಳಗೆ ಇಟ್ಟಿಗೆಯ ನೆಲ ಜಾರುತ್ತದೆ.

ಅರ್ಧ ಗಂಟೆ ಸುಮಾರು ನಡೆದರೆ ವಿನ್ಸನ್ ಗ್ರೀನ್. ನಾವು ನೋಡಿದ ಮೊದಲ ನಿಜವಾದ ಸುಂಕದ ದ್ವೀಪ ಇದು. ದೂರದಿಂದ ಏನೂ ಕಾಣುವುದಿಲ್ಲ. ಹತ್ತಿರ ಹೋದಂತೆ ಅಗಲವಾದ ನೀರು ಎರಡಾಗಿ ಸೀಳಿ, ನಡುವೆ ತಿಳಿ ಹಸಿರಿನ ಒಂದು ಪಟ್ಟಿ ಮೇಲೇಳುತ್ತದೆ. ಅಪ್ಪ ನಿಂತರು. ಕಟ್ಟೆಯ ಅಂಚನ್ನು ಬಹಳ ಹೊತ್ತು ನೋಡಿದರು. ಆಮೇಲೆ ದಂಡೆಯಲ್ಲೇ ಬಗ್ಗಿ, ಕೈಯಲ್ಲಿದ್ದ ಛತ್ರಿಯನ್ನು ನೀರಿನವರೆಗೆ ಇಳಿಸಿ, 'ಹೀಗೆ ತಾನೆ ಅಳೀತಿದ್ದದ್ದು?' ಎಂದು ಕೇಳಿದರು. ಮಳೆಯಲ್ಲಿ, ಹಿಮದಲ್ಲಿ, ಸುತ್ತ ಕುಲುಮೆಗಳ ಹೊಗೆಯಲ್ಲಿ, ದಿನಕ್ಕೆ ಎಷ್ಟೋ ದೋಣಿಗಳಿಗೆ ನಾಲ್ಕು ನಾಲ್ಕು ಸಲ ಬಗ್ಗಿದ ಯಾರೋ ಒಬ್ಬ ಗುಮಾಸ್ತನ ಬೆನ್ನು ನನಗೆ ಆಗ ನೆನಪಾಯಿತು. 1898ರ ಒಂದೇ ವರ್ಷದಲ್ಲಿ ಈ ಕಂಪನಿಯ ಕಾಲುವೆಗಳಲ್ಲಿ ಸಾಗಿದ ಸರಕು 80 ಲಕ್ಷ ಟನ್ನಿಗೂ ಹೆಚ್ಚು. ಟನ್ನು ಟನ್ನಿನ ಲೆಕ್ಕವೂ ಇಂಥ ಕೋಲಿನ ತುದಿಯಿಂದಲೇ ಬಂದದ್ದು.

ದ್ವೀಪಕ್ಕೆ ಈಗ ಸೇತುವೆ ಇಲ್ಲ, ಹೋಗಲು ಪ್ರಯತ್ನಿಸಬೇಡಿ. ದಂಡೆಯಿಂದಲೇ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಹುಲ್ಲು ಗಿಡ ಬೆಳೆದು ಅಂಚು ಮುಚ್ಚಿಹೋಗುತ್ತದೆ. ಇಟ್ಟಿಗೆಯ ಕೆಲಸ ನೋಡಬೇಕಾದರೆ ಏಪ್ರಿಲ್‌ನ ಮೊದಲ ವಾರಗಳು ಇಲ್ಲವೇ ಅಕ್ಟೋಬರ್ ಕೊನೆ ಒಳ್ಳೆಯದು. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ, ಈ ದಂಡೆಯಲ್ಲಿ ಕತ್ತಲಲ್ಲಿ ನಡೆಯುವುದು ಬೇಡ.

ವಿನ್ಸನ್ ಗ್ರೀನ್ ಮತ್ತು ಸ್ಮೆದಿಕ್ ನಡುವೆ ಸೋಹೊ ಫೌಂಡ್ರಿ ಬರುತ್ತದೆ. 1796ರಲ್ಲಿ ಬೋಲ್ಟನ್ ಮತ್ತು ವಾಟ್ ಹಬೆಯಂತ್ರ ಮಾಡಲು ಕಟ್ಟಿದ ಕಾರ್ಖಾನೆ. ಒಂದು ಶತಮಾನದ ನಂತರ ಅದನ್ನು ಕೊಂಡವರು ಏವರಿ ಕಂಪನಿಯವರು, ತಕ್ಕಡಿ ಮಾಡುವವರು. ಏವರಿ ಎಂಬ ಹೆಸರು ಕೇಳಿದ್ದೇ ಅಪ್ಪನ ಮುಖ ಅರಳಿತು. ಅವರ ಚೆಕ್‌ಪೋಸ್ಟಿನ ಲಾರಿ ತೂಕದ ಕಟ್ಟೆಯ ಮೇಲೂ ಅದೇ ಹೆಸರಿತ್ತಂತೆ. ನೀರಿನಲ್ಲಿ ತೂಗುತ್ತಿದ್ದ ಕಾಲುವೆಯ ದಡದಲ್ಲೇ ಜಗತ್ತಿಗೆ ತಕ್ಕಡಿ ಕಳಿಸುವ ಕಾರ್ಖಾನೆ. ಒಳಗೆ ಹೋಗಲು ಬಿಡುವುದಿಲ್ಲ, ಆಚೆಯಿಂದಲೇ ನೋಡಿಕೊಂಡು ಮುಂದೆ ನಡೆದೆವು.

ಸ್ಮೆದಿಕ್ ಜಂಕ್ಷನ್‌ನಲ್ಲಿ ಕಾಲುವೆ ಎರಡಾಗುತ್ತದೆ. ಬಲಕ್ಕೆ ಮೂರು ಲಾಕ್ ಹತ್ತಿ ಹೋಗುವುದು ಹಳೆಯ ಮಾರ್ಗ, ಸಮುದ್ರಮಟ್ಟದಿಂದ 473 ಅಡಿ. ಎಡಕ್ಕೆ ಮಟ್ಟಸವಾಗಿ ಹೋಗುವುದು ಟೆಲ್ಫರ್ಡ್‌ನದು, 453 ಅಡಿ. ನೀವು ಎಡಕ್ಕೆ, ಕೆಳಗಿನ ಮಾರ್ಗಕ್ಕೆ ಹೋಗಬೇಕು. ಸ್ವಲ್ಪ ದೂರದಲ್ಲೇ ತಲೆಯ ಮೇಲೆ ಎಂಜಿನ್ ಆರ್ಮ್ ಎಂಬ ಕಬ್ಬಿಣದ ಮೇಲ್ಗಾಲುವೆ ಅಡ್ಡ ಬರುತ್ತದೆ. ಇಗರ್ಜಿಯ ಕಿಟಕಿಗಳಂತೆ ಚೂಪು ಕಮಾನುಗಳನ್ನು ಎರಕ ಹೊಯ್ದು ಜೋಡಿಸಿದ್ದಾರೆ. ಕಾಲುವೆಯ ಮೇಲೆ ಕಾಲುವೆ, ಅದರ ಮೇಲೆ ದೋಣಿ. ಎರಡನೇ ಸುಂಕದ ದ್ವೀಪ ಇದರ ಹತ್ತಿರದಲ್ಲೇ ಇದೆ. ಮೂರರಲ್ಲಿ ಚಿತ್ರ ತೆಗೆಯಲು ಒಳ್ಳೆಯದು ಇದು. ಮೇಲ್ಗಾಲುವೆಯ ಮೇಲೆ ಹತ್ತಿ ನಿಂತರೆ ಕೆಳಗಿನ ನೀರು, ದಂಡೆ ಎಲ್ಲ ನಕ್ಷೆ ಬಿಡಿಸಿದ ಹಾಗೆ ಕಾಣುತ್ತದೆ. ಎಂಜಿನ್ ಎಂಬ ಹೆಸರು ಬಂದದ್ದು ಹಳೆಯ ಮಾರ್ಗದ ಲಾಕ್‌ಗಳಿಂದ ಇಳಿದುಹೋದ ನೀರನ್ನು ಮತ್ತೆ ಮೇಲೆತ್ತಲು 1779ರಲ್ಲಿ ಕೂರಿಸಿದ ಹಬೆಯಂತ್ರದಿಂದ. ಅದು 1891ರವರೆಗೆ ದುಡಿಯಿತು. ಈಗ ಬರ್ಮಿಂಗ್‌ಹ್ಯಾಮ್‌ನ ಥಿಂಕ್‌ಟ್ಯಾಂಕ್ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಮಕ್ಕಳು ಜೊತೆಗಿದ್ದರೆ ಇನ್ನೊಂದು ದಿನ ಅಲ್ಲಿಗೆ ಹೋಗಿಬನ್ನಿ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ಸ್ಮೆದಿಕ್‌ಗಿಂತ ಒಳ್ಳೆಯ ಜಾಗವಿಲ್ಲ. ದಂಡೆ ಬಿಟ್ಟು ಮೇಲೆ ಹೈ ಸ್ಟ್ರೀಟ್‌ಗೆ ಬಂದರೆ ಗುರು ನಾನಕ್ ಗುರುದ್ವಾರ ಇದೆ. ಎರಡನೇ ಮಹಾಯುದ್ಧದ ನಂತರ ಇಲ್ಲಿನ ಎರಕದ ಕಾರ್ಖಾನೆಗಳಿಗೆ ದುಡಿಯಲು ಬಂದ ಪಂಜಾಬಿಗಳು ಕಟ್ಟಿಕೊಂಡದ್ದು. ಎದುರಿಗೆ ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಭಾರತೀಯ ಸೈನಿಕರ ನೆನಪಿಗೆ 2018ರಲ್ಲಿ ನಿಲ್ಲಿಸಿದ ಸಿಖ್ ಸೈನಿಕನ ಕಂಚಿನ ಪ್ರತಿಮೆ ಇದೆ. ತಲೆಗೆ ಬಟ್ಟೆ ಸುತ್ತಿ, ಚಪ್ಪಲಿ ಬಿಟ್ಟು ಒಳಗೆ ಹೋದೆವು. ಲಂಗರ್‌ನಲ್ಲಿ ರೊಟ್ಟಿ, ದಾಲ್, ಪಲ್ಯ. ನಮ್ಮ ಬೂಟಿನ ಕೆಸರು ನೋಡಿದ ಒಬ್ಬ ಅಜ್ಜ ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಕಾಲುವೆ ದಂಡೆಯಲ್ಲಿ ಸುಂಕದ ಕಟ್ಟೆ ನೋಡುತ್ತಿದ್ದೇವೆ ಎಂದಾಗ, ತಾವು ನಲವತ್ತು ವರ್ಷ ಇದೇ ಕಾಲುವೆಯ ಪಕ್ಕದ ಕಾರ್ಖಾನೆಗೆ ಹೋಗಿಬರುತ್ತಿದ್ದೆವು, ದ್ವೀಪವನ್ನು ನೋಡಿದ್ದೇವೆ, ಯಾಕಿದೆ ಎಂದು ಯಾರನ್ನೂ ಕೇಳಿರಲಿಲ್ಲ ಎಂದರು. ಅಪ್ಪ ತಮ್ಮ ಮುರುಕು ಹಿಂದಿಯಲ್ಲಿ ಅವರಿಗೆ ಒಣ ಇಂಚಿನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದರು. ನಮ್ಮ ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಅರ್ಧ ಗಂಟೆ ಅದು. ಕಾಣಿಕೆ ಹಾಕುವುದು ನಿಮ್ಮ ಇಷ್ಟ, ಕೇಳುವವರಿಲ್ಲ. ತಲೆವಸ್ತ್ರ ಅಲ್ಲೇ ಸಿಗುತ್ತದೆ, ಆದರೂ ಬ್ಯಾಗಿನಲ್ಲಿ ಒಂದು ಇರಲಿ.

ಊಟವಾದ ಮೇಲೆ ಗಾಲ್ಟನ್ ಬ್ರಿಡ್ಜ್‌ವರೆಗೆ ನಡೆದು ಆ ದಿನ ನಿಲ್ಲಿಸಿದೆವು. ಟೆಲ್ಫರ್ಡ್ ಗುಡ್ಡವನ್ನು ಸುಮಾರು 70 ಅಡಿ ಆಳಕ್ಕೆ ಸೀಳಿದ ಕಣಿವೆಯ ಮೇಲೆ 1829ರ ಎರಕಹೊಯ್ದ ಕಬ್ಬಿಣದ ಸೇತುವೆ, 150 ಅಡಿಯ ಒಂದೇ ಹಾರು. ಈಗ ನಡೆಯುವವರಿಗೆ ಮಾತ್ರ. ಪಕ್ಕದಲ್ಲೇ ಅದೇ ಹೆಸರಿನ ಸ್ಟೇಷನ್, ಬರ್ಮಿಂಗ್‌ಹ್ಯಾಮ್‌ಗೆ ಹಿಂದಿರುಗಲು ಕಾಲು ಗಂಟೆಯೂ ಬೇಡ. ಭಾನುವಾರ ಈ ಸಾಲಿನ ಸಣ್ಣ ಸ್ಟೇಷನ್‌ಗಳಲ್ಲಿ ರೈಲು ಕಡಿಮೆ, ವೇಳಾಪಟ್ಟಿ ನೋಡಿಕೊಂಡೇ ಹೊರಡಿ.

ಎರಡನೇ ದಿನ ಅಲ್ಲಿಂದಲೇ ಮುಂದುವರಿದೆವು. ಸೇತುವೆಯ ಹತ್ತಿರವೇ ಗಾಲ್ಟನ್ ಸುರಂಗ, 1970ರ ದಶಕದಲ್ಲಿ ರಸ್ತೆ ಮಾಡಲು ಕಾಲುವೆಯ ಮೇಲೆ ಮುಚ್ಚಿದ್ದು. ಉದ್ದವೇನಿಲ್ಲ, ಆ ತುದಿಯ ಬೆಳಕು ಈ ತುದಿಗೆ ಕಾಣುತ್ತದೆ, ಆದರೂ ಟಾರ್ಚ್ ಹಿಡಿದುಕೊಳ್ಳಿ. ಇನ್ನೂ ಮುಂದೆ ಹೋದರೆ ಸ್ಟೂವರ್ಟ್ ಮೇಲ್ಗಾಲುವೆ. ಕೆಳಗೆ ಟೆಲ್ಫರ್ಡ್‌ನ ಕಾಲುವೆ, ಪಕ್ಕದಲ್ಲಿ ರೈಲು, ಅಡ್ಡಲಾಗಿ ಮೇಲೆ ಬ್ರಿಂಡ್ಲಿಯ ಹಳೆಯ ಕಾಲುವೆ, ಎಲ್ಲಕ್ಕಿಂತ ಮೇಲೆ ಕಾಂಕ್ರೀಟ್ ಕಂಬಗಳ ಮೇಲೆ ಎಂ5 ಹೆದ್ದಾರಿ. ಮೂರು ಶತಮಾನದ ಸರಕು ಸಾಗಣೆ ಒಂದರ ಮೇಲೊಂದು ನಿಂತಿದೆ. ಹೆದ್ದಾರಿಯ ಗದ್ದಲ ಜೋರು, ಮಾತು ಕೇಳಿಸುವುದಿಲ್ಲ.

ಅದನ್ನು ದಾಟಿದರೆ ಬ್ರಾಮ್‌ಫರ್ಡ್ ಜಂಕ್ಷನ್. ಸ್ಪಾನ್ ಲೇನ್‌ನ ಹಳೆಯ ಮೂರು ಲಾಕ್‌ಗಳನ್ನು ಇಳಿದು ಬರುವ ದೋಣಿಗಳು ಇಲ್ಲಿ ಹೊಸ ಮಾರ್ಗಕ್ಕೆ ಸೇರುತ್ತಿದ್ದವು. ಮೂರನೇ ಸುಂಕದ ದ್ವೀಪ ಇಲ್ಲಿದೆ; ಎರಡು ಕಡೆಯ ದೋಣಿಗಳೂ ಸಿಗುವ ಇಂಥ ಕೂಡುದಾರಿಯಲ್ಲಿ ಸುಂಕದ ಕಟ್ಟೆ ಇರಲೇಬೇಕು. ನಮ್ಮ ಬೆಂಗಳೂರಿನ ಸುಂಕದಕಟ್ಟೆ ಮಾಗಡಿ ರಸ್ತೆಯ ಮೇಲೆ ಇದ್ದ ಹಾಗೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರಿದ್ದರು, ಸುಂಕ ವಸೂಲಿಯೇ ಅವರ ಕಾಯಕ. ಸುಂಕದವನೂ ಶರಣನಾಗಬಹುದು ಎಂದು ಅಪ್ಪ ಚೆಕ್‌ಪೋಸ್ಟಿನ ಗೆಳೆಯರಿಗೆ ಆಗಾಗ ಹೇಳುತ್ತಿದ್ದ ಮಾತು ಬ್ರಾಮ್‌ಫರ್ಡ್‌ನ ದಂಡೆಯಲ್ಲಿ ಮತ್ತೆ ಬಂತು. ಇಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಕಾಲುವೆಯ ಕಬ್ಬಿಣದ ಸಣ್ಣ ಸೇತುವೆಗಳ ಕಮಾನು ನೀರಿನಲ್ಲಿ ಪೂರ್ತಿ ವೃತ್ತವಾಗಿ ಕಾಣುತ್ತಿತ್ತು. ಹೆಬ್ಬಾತುಗಳಿಗೆ ಮರಿ ಇರುವ ಕಾಲದಲ್ಲಿ ಅವು ಅಟ್ಟಿಸಿಕೊಂಡು ಬರುತ್ತವೆ. ಸುಮ್ಮನೆ ನಿಧಾನಕ್ಕೆ ಬಳಸಿ ಹೋಗಿ, ಓಡಬೇಡಿ.

ಬಾಡಿಗೆ ದೋಣಿಯಲ್ಲಿ ಬರುವವರಿಗೂ ಒಂದು ಮಾತು. ಎದುರು ದೋಣಿ ಇಲ್ಲದ ಅಗಲ ಕಾಲುವೆಯಲ್ಲಿ ಬೆಳಗಿನಿಂದ ಓಡಿಸಿದ ಮೇಲೆ ಈ ಓಣಿಗಳು ಥಟ್ಟನೆ ಎದುರಾಗುತ್ತವೆ. ದೋಣಿಯ ಏಳು ಅಡಿಗೆ ಓಣಿಯಲ್ಲಿ ಉಳಿಯುವ ಜಾಗ ಬಹಳ ಕಡಿಮೆ. ಐವತ್ತು ಮೀಟರ್ ಮೊದಲೇ ವೇಗ ಇಳಿಸಿ, ನೇರ ಮಾಡಿಕೊಂಡು, ಎಂಜಿನ್ನನ್ನು ಅತಿ ನಿಧಾನದಲ್ಲಿಟ್ಟು ಒಳಗೆ ಹೋಗಿ. ಮಕ್ಕಳ ಕೈಕಾಲು ದೋಣಿಯ ಹೊರಗೆ ಚಾಚಿರಬಾರದು. ಈ ಕಾಲುವೆಯಲ್ಲಿ ತೇಲುವ ಪ್ಲಾಸ್ಟಿಕ್, ಬಟ್ಟೆ, ತಂತಿ ಫ್ಯಾನಿಗೆ ಸುತ್ತಿಕೊಳ್ಳುತ್ತವೆ. ಅದು ಇಂಥ ಓಣಿಯೊಳಗೇ ಆದರೆ ಕಷ್ಟ.

ಬ್ರಾಮ್‌ಫರ್ಡ್‌ನಿಂದ ಮುಂದೆ ಡಡ್ಲಿ ಪೋರ್ಟ್‌ವರೆಗಿನ ದಾರಿ ನೇರ, ಗೋದಾಮುಗಳ ಬೆನ್ನು, ಹೇಳುವಂಥದ್ದು ಕಡಿಮೆ. ಅಪ್ಪನಿಗೆ ಮಂಡಿ ನೋಯತೊಡಗಿದ್ದರಿಂದ ನಾವು ಸ್ಯಾಂಡ್‌ವೆಲ್ ಅಂಡ್ ಡಡ್ಲಿಯಲ್ಲಿ ರೈಲು ಹತ್ತಿ ಟಿಪ್ಟನ್‌ನಲ್ಲಿ ಇಳಿದೆವು. ನೀವೂ ಹೀಗೆ ಮಾಡಬಹುದು, ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಶಕ್ತಿ ಇದ್ದವರು ಮಾತ್ರ ಡಡ್ಲಿ ಪೋರ್ಟ್ ಜಂಕ್ಷನ್‌ನಲ್ಲಿ ಎಡಕ್ಕೆ ತಿರುಗಿ ನೆದರ್ಟನ್ ಶಾಖೆಗೆ ಹೋಗಬಹುದು. ಅಲ್ಲೂ ಸುಂಕದ ದ್ವೀಪದ ಗುರುತಿದೆ, ತುದಿಯಲ್ಲಿ 1858ರ ನೆದರ್ಟನ್ ಸುರಂಗ, 3,027 ಗಜ ಉದ್ದ, ಎರಡೂ ಪಕ್ಕ ನಡೆಯುವ ದಾರಿ. ಒಳಗೆ ಈಗ ದೀಪವಿಲ್ಲ, ನೀರು ತೊಟ್ಟಿಕ್ಕುತ್ತದೆ. ನಾನು ಹೋಗಲಿಲ್ಲ, ಹಿರಿಯರನ್ನು ಕರೆದುಕೊಂಡು ಹೋಗಲೂ ಹೇಳುವುದಿಲ್ಲ.

ಟಿಪ್ಟನ್‌ನಲ್ಲಿ ಫ್ಯಾಕ್ಟರಿ ಲಾಕ್‌ಗಳ ತಲೆಯ ಮೇಲೆ, ಹಳೆಯ ಮಾರ್ಗ ಮತ್ತೆ ಬಂದು ಸೇರುವ ಹತ್ತಿರ, ಉದ್ದನೆಯ ಇಟ್ಟಿಗೆ ಕಟ್ಟಡ ಒಂದಿದೆ. ನಾನು ಮೇಲೆ ಹೇಳಿದ ಅಳತೆಯ ಡಾಕ್ ಇದೇ, ಕಬ್ಬಿಣದ ಗುಂಡು ಇಳಿಸಿ ಹೊಸ ದೋಣಿಗಳ ಪಟ್ಟಿ ಮಾಡುತ್ತಿದ್ದ ಜಾಗ. ಅಳೆಯುವಾಗ ಗಾಳಿಗೆ ನೀರು ಅಲುಗದಿರಲಿ ಎಂದು ಮೇಲೆ ಸೂರು. ದೋಣಿಗಳು ಅದರೊಳಗೆ ಹೋಗಿ ಒಂದು ನಂಬರು ಹೊತ್ತು ಹೊರಗೆ ಬರುತ್ತಿದ್ದವು. ಹೊರಗಿನಿಂದಲೇ ನೋಡಿದೆವು. ಬರ್ಮಿಂಗ್‌ಹ್ಯಾಮ್‌ನಿಂದ ನಡೆದು ಕೊನೆಗೆ ಇಲ್ಲಿಗೆ ಬರುವುದೇ ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ. ಮೂರು ಕಡೆ ಖಾಲಿ ಕಟ್ಟೆ ನೋಡಿದ ಮೇಲೆ ಈ ಕಟ್ಟಡ ಕಂಡಾಗ, ಆ ಗುಮಾಸ್ತರ ಪುಸ್ತಕ ಎಲ್ಲಿ ಹುಟ್ಟುತ್ತಿತ್ತು ಎಂಬುದು ಅರ್ಥವಾಗುತ್ತದೆ.

ಖಾಲಿ ಕಟ್ಟೆಗಳನ್ನು ನೋಡಿ, ಆ ಮನೆ ಹೇಗಿತ್ತು ಎಂದು ಅಪ್ಪ ಕೇಳುತ್ತಲೇ ಇದ್ದರು. ಅದಕ್ಕೆ ಮುಂದಿನ ವಾರ ಅವರನ್ನು ಬ್ರಾಚ್‌ಗೆ ಕರೆದುಕೊಂಡು ಹೋದೆ. ವುಲ್ವರ್‌ಹ್ಯಾಂಪ್ಟನ್‌ನಿಂದ ವೋಂಬೋರ್ನ್‌ಗೆ ಬಸ್ಸಿದೆ, ಅಲ್ಲಿಂದ ಸ್ವಲ್ಪ ನಡಿಗೆ. ಇದು ಬೇರೆ ಕಾಲುವೆ, ಸ್ಟಾಫರ್ಡ್‌ಶೈರ್ ಅಂಡ್ ವೂಸ್ಟರ್‌ಶೈರ್, ಇದರ ಇಂಜಿನಿಯರ್ ಕೂಡ ಬ್ರಿಂಡ್ಲಿಯೇ, ತೆರೆದದ್ದು 1772ರಲ್ಲಿ. ಮೂರು ಲಾಕ್‌ಗಳು ಒಂದಕ್ಕೊಂದು ಅಂಟಿದ ಹಾಗೆ ಗುಡ್ಡ ಹತ್ತುತ್ತವೆ, ಪಕ್ಕದಲ್ಲೇ ಎಂಟು ಮುಖದ ಸುಂಕದ ಮನೆ ಹಾಗೇ ನಿಂತಿದೆ. ಇದು ದ್ವೀಪದ ಮೇಲಿನದ್ದಲ್ಲ, ದಂಡೆಯದ್ದು. ಆದರೂ ಆ ಗಾತ್ರ, ಆ ಕಿಟಕಿಗಳು ನೋಡಿದ ಮೇಲೆ ವಿನ್ಸನ್ ಗ್ರೀನ್‌ನ ಹುಲ್ಲಿನ ಮೇಲೆ ಮನೆಯನ್ನು ಕಣ್ಣಿನಲ್ಲೇ ಕಟ್ಟಿಕೊಳ್ಳಬಹುದು. ಸಮಯ ಇರುವವರು ಬ್ರಾಚ್ ಅನ್ನು ಮೊದಲು ನೋಡಿ, ಆಮೇಲೆ ದ್ವೀಪಗಳಿಗೆ ಹೋಗಿ. ನಾವು ತಿರುಗುಮುರುಗು ಮಾಡಿದೆವು.

ಸಾಮಾನಿನ ಬಗ್ಗೆ: ಹಿಡಿತವಿರುವ ಬೂಟು, ಮಳೆಯ ಕೋಟು, ಟಾರ್ಚ್, ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ, ಥರ್ಮಾಸ್‌ನಲ್ಲಿ ಚಹಾ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಇರಲಿ, ಕೆಲವು ಕಡೆ ಮೈಲಿಗಟ್ಟಲೆ ಯಾರೂ ಸಿಗುವುದಿಲ್ಲ. ಇಷ್ಟರ ಜೊತೆಗೆ ಇಂಚಿನ ಗುರುತಿರುವ ಒಂದು ಅಳತೆ ಟೇಪನ್ನೂ ಇಟ್ಟುಕೊಳ್ಳಿ. ಬ್ರಾಚ್‌ನಲ್ಲಿ ಲಾಕ್‌ಗೆ ಕಾಯುತ್ತಿದ್ದ ಒಂದು ದೋಣಿಯವರನ್ನು ಕೇಳಿ, ಅಪ್ಪ ನಾಲ್ಕು ಕಡೆ ಬಗ್ಗಿ ಒಣ ಇಂಚು ಅಳೆದರು. ಹಿಂದಿನ ಎಡಮೂಲೆ ಎರಡು ಇಂಚು ಕೆಳಗಿತ್ತು. ದೋಣಿಯಾಕೆ ನಗುತ್ತಾ ಒಳಗೆ ಬಗ್ಗಿ ನೋಡಿ, ಹಿಂದಿನ ದಿನ ತಂದ ಕಲ್ಲಿದ್ದಲು ಚೀಲಗಳೆಲ್ಲ ಆ ಮೂಲೆಯಲ್ಲೇ ಇವೆ ಎಂದರು.